ಮೊಳಕೆ ನೋಡದ ಬೀಜ

ತಾಳವಾಡಿಯಿಂದ ಓರ್ವ ಸಹೋದರಿಯವರು ಬರೆದ ಪತ್ರ ಕಳೆದ ತಿಂಗಳು ನನ್ನ ಕೈಸೇರಿತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವರ ಮಗ ದೀಪಾವಳಿಯ ರಜೆಗೆ ಬಂದಿದ್ದಾಗ ಮನೆಯ ಗಣಕಯಂತ್ರಕ್ಕೆ ಬ್ಯಾಕಪ್ಪಿನ ವ್ಯವಸ್ಥೆ ಮಾಡಿಕೊಟ್ಟು ಹೋದನಂತೆ. ಅಂದಿನಿಂದ ಪ್ರತಿದಿನ ಸಂಜೆ, ಬ್ಯಾಕಪ್ ಪೂರ್ಣವಾಯಿತು ಎಂಬ ಸಂದೇಶವೊಂದು ಪರದೆಯ ಮೂಲೆಯಲ್ಲಿ ಮೂಡಿ ಮಾಯವಾಗುತ್ತದೆ. “ಮಾಸ್ತರರೇ, ಮನೆಯವರ ಜಮೀನಿನ ಕಾಗದಗಳ ಚಿತ್ರಗಳು, ಮಗಳ ಮದುವೆಯ ಫೋಟೋಗಳು ಎಲ್ಲವೂ ಅದರಲ್ಲಿವೆ. ಇನ್ನು ನಾವು ನಿಶ್ಚಿಂತೆಯಿಂದ ಇರಬಹುದಲ್ಲವೇ?” ಎಂಬುದು ಅವರ ಪ್ರಶ್ನೆ.

ಉತ್ತರವನ್ನು ಕೂಡಲೇ ಬರೆಯಲು ಕೈ ಬರಲಿಲ್ಲ. ಬರೆಯಬೇಕಾದರೆ ನನ್ನ ಮನೆಯಲ್ಲಿಯೇ ಆದ ನಷ್ಟವೊಂದನ್ನು, ಅದಕ್ಕೆ ಕಾರಣವಾದ ನನ್ನ ಅಜಾಗ್ರತೆಯನ್ನು ಹೇಳದೆ ವಿಧಿಯಿಲ್ಲ. ಇತರರಿಗೆ ಪಾಠ ಹೇಳುವ ವೃತ್ತಿಯವನಿಗೆ ಇದು ಅಷ್ಟು ಸುಲಭದ ಕೆಲಸವಲ್ಲ. ಆದರೂ ಹೇಳುತ್ತೇನೆ.

ಯಂತ್ರದ ವಿಚಾರಕ್ಕೆ ಮೊದಲು ಗದ್ದೆಯ ವಿಚಾರವನ್ನು ಎತ್ತಿದರೆ ವಾಚಕರು ಬೇಸರಿಸಬಾರದು. ನಮ್ಮ ಕಾಸರಗೋಡು ಸೀಮೆಯ ಬೇಸಾಯದ ಮನೆಗಳಲ್ಲಿ ಬಿತ್ತನೆಯ ಭತ್ತವನ್ನು ಚೆನ್ನಾಗಿ ಒಣಗಿಸಿ, ಬೈಹುಲ್ಲಿನಲ್ಲಿ ಮುಡಿ ಕಟ್ಟಿ ಇಡುತ್ತಿದ್ದರು. ಮುಡಿ ಮನೆಯಲ್ಲಿದೆ ಎಂಬ ಒಂದೇ ಕಾರಣಕ್ಕೆ ಯಾವ ಹಿರಿಯರೂ ನಿಶ್ಚಿಂತರಾಗಿ ಮಲಗುತ್ತಿರಲಿಲ್ಲ. ಬಿತ್ತನೆಯ ಕಾಲ ಸಮೀಪಿಸುವಾಗ ಒಂದು ಹಿಡಿ ಬೀಜವನ್ನು ಹೊರತೆಗೆದು, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಎಷ್ಟು ಕಾಳು ಮೊಳೆಯಿತೆಂದು ಎಣಿಸುತ್ತಿದ್ದರು. ಇಂದು ಸರಕಾರದ ಪ್ರಮಾಣಪತ್ರ ಪಡೆದ ಬಿತ್ತನೆಯ ಭತ್ತಕ್ಕೂ ನೂರಕ್ಕೆ 80 ಮೊಳಕೆಯಾದರೂ ಇರಬೇಕೆಂಬ ನಿಯಮವುಂಟು. ಹೊರಗಿನಿಂದ ನೋಡಿದರೆ ಜೀವವಿರುವ ಬೀಜಕ್ಕೂ ಜೀವ ಹೋದ ಬೀಜಕ್ಕೂ ಏನೇನೂ ಭೇದವಿಲ್ಲ. ಎರಡೂ ಹಳದಿ, ಎರಡೂ ಗಟ್ಟಿ. ಗಣಕದ ಬ್ಯಾಕಪ್ಪೂ ಅಂಥದೇ. ಅದು ಇದೆಯೋ ಇಲ್ಲವೋ ಎಂಬುದು ಅದರಿಂದ ಒಂದು ಕಡತವನ್ನು ಹಿಂದಕ್ಕೆ ತೆಗೆದು ತೆರೆದಾಗ ಮಾತ್ರ ತಿಳಿಯುತ್ತದೆ. ಹೀಗೆ ಹಿಂದಕ್ಕೆ ತೆಗೆಯುವುದಕ್ಕೆ ‘ರಿಸ್ಟೋರ್’ ಎನ್ನುತ್ತಾರೆ. ಎಲ್ಲರೂ ಬ್ಯಾಕಪ್ಪಿನ ಮಾತನ್ನು ಆಡುತ್ತಾರೆ. ರಿಸ್ಟೋರಿನ ಮಾತನ್ನು ಆಪತ್ತು ಬಂದ ಅನಂತರವೇ ಆಡುತ್ತಾರೆ. ನಾನೂ ಹಾಗೆಯೇ ಮಾಡಿದವನು.

ನನ್ನ ತಾಯಿಯವರು ಹಾಡುಗಾರ್ತಿಯೆಂದು ಹೆಸರಾದವರಲ್ಲ. ಆದರೆ ಮದುವೆ, ಸೀಮಂತ, ತೊಟ್ಟಿಲು, ಆರತಿ ಎಂದು ಪ್ರತಿಯೊಂದು ಸಂದರ್ಭಕ್ಕೂ ಅವರಲ್ಲಿ ಒಂದು ಶೋಭಾನೆಯ ಹಾಡು ಇರುತ್ತಿತ್ತು. 1994ರ ಬೇಸಗೆಯಲ್ಲಿ ಅವರನ್ನು ಚಾವಡಿಯಲ್ಲಿ ಕುಳ್ಳಿರಿಸಿ, ಟೇಪ್‌ರೆಕಾರ್ಡರನ್ನು ಮುಂದಿಟ್ಟು, ನಾಲ್ಕು ಕ್ಯಾಸೆಟ್ಟುಗಳಲ್ಲಿ 46 ಹಾಡುಗಳನ್ನು ತುಂಬಿಸಿಕೊಂಡೆ. ಅವರು 2003ರಲ್ಲಿ ತೀರಿಕೊಂಡರು. ಕ್ಯಾಸೆಟ್ಟಿನ ಸುರುಳಿಗೆ ಮಳೆಗಾಲದ ಬೂಸಲು ಹಿಡಿಯತೊಡಗಿದ್ದನ್ನು ಕಂಡು, 2010ರಲ್ಲಿ ಟೇಪ್‌ರೆಕಾರ್ಡರಿಗೂ ಗಣಕಕ್ಕೂ ಒಂದು ತಂತಿ ಜೋಡಿಸಿ, ಅಡಾಸಿಟಿ ಎಂಬ ಉಚಿತ ತಂತ್ರಾಂಶದ ಮೂಲಕ ಹಾಡುಗಳನ್ನು ಒಂದೊಂದಾಗಿ ಇಳಿಸಿಕೊಂಡೆ. ಸಂಕೋಚಿಸದೆ ಇಟ್ಟ ಧ್ವನಿ ನಿಮಿಷಕ್ಕೆ ಹತ್ತು ಮೆಗಾಬೈಟಿನಷ್ಟು ಜಾಗ ಬೇಡುತ್ತದೆ. 46 ಹಾಡುಗಳು ಸೇರಿ ಎರಡು ಗಿಗಾಬೈಟಿಗೆ ಸಮೀಪವಾದುವು. ಪುತ್ತೂರಿನಲ್ಲಿರುವ ತಂಗಿಗೆಂದು ಒಂದು ಸಿ.ಡಿ.ಯನ್ನೂ ಮಾಡಿಕೊಟ್ಟೆ. ಸಾಮಾನ್ಯ ಹಾಡಿನ ಸಿ.ಡಿ.ಯಲ್ಲಿ 80 ನಿಮಿಷಕ್ಕೆ ಹೆಚ್ಚು ಹಿಡಿಯದು; ಆದುದರಿಂದ ಆರಿಸಿದ 19 ಹಾಡುಗಳು ಮಾತ್ರ ಅದರಲ್ಲಿ ಸೇರಿದುವು. ಕೆಲಸ ಮುಗಿದ ಮೇಲೆ, ಇನ್ನೇಕೆ ಈ ಬೂಸಲು ಎಂದು ಕ್ಯಾಸೆಟ್ಟುಗಳನ್ನು ಎಸೆದುಬಿಟ್ಟೆ. ಆ ಒಂದು ಕೃತ್ಯವನ್ನು ನೆನೆದರೆ ಇಂದಿಗೂ ಮನಸ್ಸು ಕುಟುಕುತ್ತದೆ.

ನಾನು ಬ್ಯಾಕಪ್ ಮಾಡಿರಲಿಲ್ಲ ಎಂದು ಯಾರೂ ಭಾವಿಸಬಾರದು. ಗಣಕದ ಡಿ ಡ್ರೈವಿನಲ್ಲಿ ಒಂದು ಪ್ರತಿ ಇತ್ತು. ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ಇನ್ನೊಂದು. ಪೆನ್‌ಡ್ರೈವಿನಲ್ಲಿ ಮತ್ತೊಂದು. ಮೂರು ಪ್ರತಿಗಳ ಯಜಮಾನನೆಂಬ ಹೆಮ್ಮೆಯಿಂದಲೇ ಇದ್ದೆ.

2019ರ ಅಕ್ಟೋಬರಿನಲ್ಲಿ ಒಂದು ಸಂಜೆ ಸಿಡಿಲು ಬಡಿಯಿತು. ತುಲಾಮಾಸದ ಗುಡುಗು ನಮ್ಮ ಕಡೆಯವರಿಗೆ ಹೊಸತಲ್ಲ. ಮೋಡ ಕಪ್ಪಾದೊಡನೆ ವಿದ್ಯುತ್ತಿನ ಪ್ಲಗ್ಗನ್ನು ಕಿತ್ತಿಟ್ಟಿದ್ದೆ. ಆದರೆ ಅಂತರಜಾಲಕ್ಕಾಗಿ ಮೋಡೆಮ್ಮಿಗೆ ಬರುವ ದೂರವಾಣಿಯ ತಂತಿಯನ್ನು ಮರೆತಿದ್ದೆ. ಸಿಡಿಲಿಗೆ ಅಷ್ಟು ಸಾಕಾಯಿತು. ಮೋಡೆಮ್ ಕಪ್ಪಾಯಿತು, ಅದರಿಂದ ಹೊರಟ ತಂತಿಯ ಮೂಲಕ ಗಣಕ ಸತ್ತಿತು, ಗಣಕಕ್ಕೆ ಸದಾ ಚುಚ್ಚಿಕೊಂಡೇ ಇರುತ್ತಿದ್ದ ಹೊರಗಿನ ಹಾರ್ಡ್‌ಡಿಸ್ಕೂ ಅದರೊಡನೆ ಸತ್ತಿತು. ಎರಡು ಪ್ರತಿಗಳು ಒಂದೇ ನಿಮಿಷದಲ್ಲಿ ಹೋದುವು.

ಡಿ ಡ್ರೈವಿನ ಪ್ರತಿಯಾದರೂ ಉಳಿದೀತೆಂದು ಆಸೆಪಟ್ಟು, ಪೇಟೆಯ ರಿಪೇರಿ ಅಂಗಡಿಗೆ ಪೆಟ್ಟಿಗೆಯನ್ನು ಹೊತ್ತುಕೊಂಡು ಹೋದೆ. ಅಂಗಡಿಯಾತ ನನ್ನ ಹಳೆಯ ವಿದ್ಯಾರ್ಥಿ. “ಮಾಷ್ಟ್ರೇ, ಸಿ ಮತ್ತು ಡಿ ಎರಡು ಬೇರೆ ಡಿಸ್ಕಲ್ಲ. ಒಂದೇ ಪತ್ತಾಯದ ಎರಡು ಖಾನೆ. ಪತ್ತಾಯವೇ ಸುಟ್ಟರೆ ಖಾನೆ ಎಲ್ಲಿ ಉಂಟು?” ಎಂದು ವಿನಯದಿಂದಲೇ ಹೇಳಿದ. ನಾನು ಆತನಿಗೆ ನಾಲ್ಕನೆಯ ತರಗತಿಯಲ್ಲಿ ಭಿನ್ನರಾಶಿ ಕಲಿಸಿದ್ದೆ. ದತ್ತಾಂಶ ಹೊರತೆಗೆಯುವವರಿಗೆಂದು ದೂರದ ಊರಿಗೆ ಕಳುಹಿಸಿದ ಆ ಡಿಸ್ಕು ಮೂರು ವಾರಗಳ ಬಳಿಕ ಹೋದ ಹಾಗೆಯೇ ಹಿಂದಿರುಗಿತು.

ಇನ್ನುಳಿದುದು ಪೆನ್‌ಡ್ರೈವ್. ಅದನ್ನು ಮಗನ ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ ‘ಅಮ್ಮ’ ಎಂಬ ಹೆಸರು ಸರಿಯಾಗಿಯೇ ಇತ್ತು. ಒತ್ತಿದೆ, ತೆರೆಯಲಿಲ್ಲ. ಚಿತ್ರದ ಮೂಲೆಯಲ್ಲಿ ಒಂದು ಸಣ್ಣ ಬಾಣದ ಗುರುತಿತ್ತು. ಪರದೆಯ ಮೇಲೆ ಕೈಗೆ ಸುಲಭವಾಗಲೆಂದು ಇಟ್ಟುಕೊಳ್ಳುವ ‘ಶಾರ್ಟ್‌ಕಟ್’ ಎಂಬುದು ಅದು. ಮನೆಗೆ ದಾರಿ ತೋರುವ ಕೈಮರ, ಮನೆಯಲ್ಲ. ಎರಡು ಗಿಗಾಬೈಟಿನ ಹಾಡುಗಳ ಬದಲು ಒಂದೆರಡು ಕಿಲೋಬೈಟಿನ ಕೈಮರವನ್ನು ನಾನು ಮೂರು ವರ್ಷ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ಪ್ರತಿ ಮಾಡಿದ ದಿನ ಕೆಲಸ ಕಣ್ಣೆವೆ ಇಕ್ಕುವುದರೊಳಗೆ ಮುಗಿದದ್ದು ನೆನಪಿತ್ತು. ಎಷ್ಟು ಬೇಗ ಆಯಿತೆಂದು ಅಂದು ಸಂತೋಷಪಟ್ಟಿದ್ದೆ.

ಕೊನೆಗೆ ಪುತ್ತೂರಿಗೆ ಫೋನು ಮಾಡಿದೆ. ತಂಗಿ ದೇವರ ಕೋಣೆಯ ಕಪಾಟಿನಿಂದ ಒಂಬತ್ತು ವರ್ಷ ಹಳೆಯ ಸಿ.ಡಿ.ಯನ್ನು ತೆಗೆದು ತಂದಳು. ಇಂದಿನ ಲ್ಯಾಪ್‌ಟಾಪುಗಳಿಗೆ ಸಿ.ಡಿ. ಹಾಕುವ ಬಾಯಿಯೇ ಇಲ್ಲ. ಪರಿಚಯದ ಫೋಟೋ ಸ್ಟುಡಿಯೋದವರಿಂದ ಹೊರಗಿನ ಡ್ರೈವೊಂದನ್ನು ಕೇಳಿ ತಂದೆವು. ಎರಡು ಹಾಡುಗಳು ತಡವರಿಸಿದುವು. ಬೇರೊಂದು ಡ್ರೈವಿನಲ್ಲಿ ಅವೂ ಬಂದುವು. 46ರಲ್ಲಿ 19 ಉಳಿದುವು. 27 ಹಾಡುಗಳಲ್ಲಿ ಅಮ್ಮನ ಧ್ವನಿ ಇನ್ನಿಲ್ಲ.

ಈ ಅನುಭವದಿಂದ ನಾನು ಕಲಿತುದರಲ್ಲಿ ಮೊದಲನೆಯದನ್ನು ತಾಳವಾಡಿಯ ಸಹೋದರಿಯವರಿಗೆ ನೇರವಾಗಿ ಹೇಳುತ್ತೇನೆ. ‘ಪೂರ್ಣವಾಯಿತು’ ಎಂಬ ಸಂದೇಶದ ಅರ್ಥ, ಯಂತ್ರಕ್ಕೆ ಏನನ್ನು ಹೇಳಿದ್ದರೋ ಅದನ್ನು ಮಾಡಿದೆ ಎಂದಷ್ಟೇ. ತಕ್ಕದ್ದನ್ನು ಹೇಳಿದ್ದರೋ ಎಂಬುದು ಯಂತ್ರಕ್ಕೆ ತಿಳಿಯದು. ವಿಂಡೋಸಿನಲ್ಲಿ 2012ರಿಂದ ಬಂದಿರುವ ‘ಫೈಲ್ ಹಿಸ್ಟರಿ’ ಎಂಬ ಸಾಧನವನ್ನು ಮಗ ಅಳವಡಿಸಿದ್ದರೆ, ಅದು ತಾನಾಗಿ ಕಾಯುವುದು ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಮುಂತಾದ ನಿಯತ ಕೋಶಗಳನ್ನು. ನಮ್ಮಲ್ಲಿ ಅನೇಕರು ರಿಪೇರಿಯವರು ಸಿ ಡ್ರೈವನ್ನು ಅಳಿಸಿಬಿಡುತ್ತಾರೆಂಬ ಭಯದಿಂದ ಮುಖ್ಯವಾದುದೆಲ್ಲವನ್ನೂ ಡಿ ಡ್ರೈವಿನಲ್ಲಿ ತುಂಬಿಸುವ ರೂಢಿಯವರು. ಅಲ್ಲಿರುವ ಕೋಶಗಳನ್ನು ನಾವಾಗಿ ಸೇರಿಸದಿದ್ದರೆ ಫೈಲ್ ಹಿಸ್ಟರಿ ಅವುಗಳ ಕಡೆ ತಿರುಗಿಯೂ ನೋಡುವುದಿಲ್ಲ. ಮದುವೆಯ ಫೋಟೋಗಳು ಎಲ್ಲಿವೆ ಎಂಬುದನ್ನು ಸಹೋದರಿಯವರು ಇಂದೇ ಮಗನನ್ನು ಕೇಳಲಿ.

‘ಸಿಸ್ಟಮ್ ರಿಸ್ಟೋರ್’ ಎಂಬ ಹೆಸರೂ ಅನೇಕರನ್ನು ಮೋಸಗೊಳಿಸಿದೆ. ಅದು ಯಂತ್ರದ ವ್ಯವಸ್ಥೆಯನ್ನು ಹಿಂದಿನ ಒಂದು ದಿನದ ಸ್ಥಿತಿಗೆ ತರುವ ಉಪಾಯವೇ ಹೊರತು, ಅಳಿಸಿಹೋದ ಪತ್ರವನ್ನೋ ಫೋಟೋವನ್ನೋ ಮರಳಿ ಕೊಡುವುದಲ್ಲ. ನನ್ನ ಅಭಿಪ್ರಾಯದಲ್ಲಿ ಮನೆಯ ಮಟ್ಟಿಗೆ ಯಂತ್ರದ ವ್ಯವಸ್ಥೆಯನ್ನು ಕಾಪಾಡಲು ಹೆಣಗಾಡಬೇಕಾದುದೇ ಇಲ್ಲ. ವಿಂಡೋಸನ್ನು 8 ಗಿಗಾಬೈಟಿನ ಪೆನ್‌ಡ್ರೈವಿನ ಸಹಾಯದಿಂದ ಮತ್ತೆ ಸ್ಥಾಪಿಸಬಹುದು. ನಮ್ಮ ಶಾಲೆಗಳಲ್ಲಿರುವ ಲಿನಕ್ಸ್ ಅಂತೂ ಉಚಿತವಾಗಿಯೇ ದೊರೆಯುತ್ತದೆ. ಹೊಲಿಗೆಯಂತ್ರ ಕೆಟ್ಟರೆ ಇನ್ನೊಂದು ಬರುತ್ತದೆ. ಅಜ್ಜಿ ಹೊಲಿದ ಕೌದಿ ಬರುವುದಿಲ್ಲ.

ಮೋಡದ ಸಂಗ್ರಹ, ಅಂದರೆ ಗೂಗಲ್ ಡ್ರೈವ್, ಒನ್‌ಡ್ರೈವ್ ಮೊದಲಾದವುಗಳ ವಿಚಾರವೂ ಇದೆ. ಗೂಗಲಿನವರು 15 ಗಿಗಾಬೈಟಿನವರೆಗೆ ಉಚಿತವಾಗಿ ಜಾಗ ಕೊಡುತ್ತಾರೆ. ಸಿಡಿಲು, ನೆರೆ, ಕಳ್ಳತನ ಯಾವುದೂ ಅಲ್ಲಿಗೆ ತಲುಪದು. ಅದು ಒಳ್ಳೆಯದೇ. ಆದರೆ ಮನೆಯ ಗಣಕವನ್ನೂ ಮೋಡವನ್ನೂ ಸದಾ ಒಂದೇ ಸಮನಾಗಿಡುವ ‘ಸಿಂಕ್’ ವ್ಯವಸ್ಥೆ ಕನ್ನಡಿಯಂತೆ. ನೀವು ಕುಂಕುಮ ಅಳಿಸಿದರೆ ಕನ್ನಡಿಯಲ್ಲಿಯೂ ಅಳಿಯುತ್ತದೆ. ಮೊಮ್ಮಗು ಆಟವಾಡುತ್ತ ಕೋಶವೊಂದನ್ನು ಅಳಿಸಿದರೆ ಅದು ಮೋಡದಲ್ಲಿಯೂ ಅಳಿದು, ಅಲ್ಲಿಯ ಕಸದ ಬುಟ್ಟಿಯಲ್ಲಿ 30 ದಿನವಿದ್ದು, ಅನಂತರ ಶಾಶ್ವತವಾಗಿ ಹೋಗುತ್ತದೆ. ಎರಡು ವರ್ಷ ಯಾರೂ ಬಳಸದ ಖಾತೆಯನ್ನೇ ತೆಗೆದುಹಾಕುವ ನಿಯಮವನ್ನೂ ಗೂಗಲ್ 2023ರಲ್ಲಿ ಮಾಡಿದೆ. ತೀರಿಕೊಂಡ ಹಿರಿಯರ ಖಾತೆಯಲ್ಲಿ ಫೋಟೋಗಳಿದ್ದರೆ ಇದನ್ನು ನೆನಪಿಡಬೇಕು.

ನಾವು ಹಳ್ಳಿಯವರು, ನಮ್ಮಿಂದ ಹೀಗಾಗುತ್ತದೆ ಎಂದು ಯಾರೂ ಕುಗ್ಗಬೇಕಾಗಿಲ್ಲ. ಅಮೆರಿಕದ ಪಿಕ್ಸಾರ್ ಎಂಬ ಪ್ರಸಿದ್ಧ ಚಿತ್ರಸಂಸ್ಥೆಯಲ್ಲಿ 1998ರಲ್ಲಿ ‘ಟಾಯ್ ಸ್ಟೋರಿ 2’ ಎಂಬ ಚಲನಚಿತ್ರದ ತಯಾರಿ ನಡೆದಿದ್ದಾಗ, ಯಾರೋ ಕೊಟ್ಟ ಅಳಿಸುವ ಆಜ್ಞೆಯೊಂದರಿಂದ ಚಿತ್ರದ ಬಹುಪಾಲು ಕಡತಗಳು ಕಣ್ಣೆದುರೇ ಮಾಯವಾಗತೊಡಗಿದುವು. ಬ್ಯಾಕಪ್ ಇದೆಯಲ್ಲ ಎಂದು ಅದರ ಕಡೆಗೆ ಹೋದರೆ, ಅದು ಸುಮಾರು ಒಂದು ತಿಂಗಳಿನಿಂದ ಸರಿಯಾಗಿ ನಡೆದೇ ಇರಲಿಲ್ಲ. ಯಾರೂ ಪರೀಕ್ಷಿಸಿರಲಿಲ್ಲವಾದ್ದರಿಂದ ಯಾರಿಗೂ ತಿಳಿದಿರಲಿಲ್ಲ. ಆಗ ನೆನಪಾದದ್ದು ಗ್ಯಾಲಿನ್ ಸುಸ್ಮನ್ ಎಂಬ ತಂತ್ರಜ್ಞೆಯ ಮನೆಯ ಗಣಕ. ಬಾಣಂತನದ ಕಾರಣದಿಂದ ಆಕೆ ಮನೆಯಲ್ಲಿಯೇ ಕೆಲಸ ಮಾಡುತ್ತಿದ್ದರು. ಅದಕ್ಕಾಗಿ ಚಿತ್ರದ ಪ್ರತಿಯೊಂದು ಅಲ್ಲಿತ್ತು. ಆ ಯಂತ್ರವನ್ನು ಕಂಬಳಿಗಳಲ್ಲಿ ಸುತ್ತಿ, ಕಾರಿನ ಹಿಂದಿನ ಆಸನದಲ್ಲಿ ಮಗುವಿನಂತೆ ಮಲಗಿಸಿ ಕಚೇರಿಗೆ ತಂದರಂತೆ. ಚಿತ್ರ 1999ರಲ್ಲಿ ತೆರೆಕಂಡಿತು. ಸಂಬಳ ಪಡೆಯುವ ಯಂತ್ರನಿಪುಣರಿದ್ದ ಸಂಸ್ಥೆಯನ್ನು ಕಾಪಾಡಿದುದು ಬೇರೆ ಮನೆಯಲ್ಲಿದ್ದ ಪ್ರತಿ. ನನ್ನ 19 ಹಾಡುಗಳನ್ನು ಉಳಿಸಿದುದೂ ಅದೇ.

ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕರು ಪ್ರಚಾರಕ್ಕೆ ತಂದ ಒಂದು ಸೂತ್ರವಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಮನೆಯ ಹೊರಗೆ. ನಾನು ಇದಕ್ಕೆ ನಮ್ಮ ಊರಿಗೆ ತಕ್ಕಂತೆ ಒಂದನ್ನು ಸೇರಿಸಿಕೊಂಡಿದ್ದೇನೆ. ಪ್ರತಿ ಮಾಡಿದ ಡಿಸ್ಕನ್ನು ಕೆಲಸ ಮುಗಿದೊಡನೆ, ‘ಇಜೆಕ್ಟ್’ ಎಂಬುದನ್ನು ಒತ್ತಿ, ತಂತಿಯಿಂದ ಬಿಡಿಸಿಡಬೇಕು. ಸಿಡಿಲಿನಿಂದ ಮಾತ್ರವಲ್ಲ. 2017ರ ಮೇ ತಿಂಗಳಿನಲ್ಲಿ ‘ವಾನ್ನಾಕ್ರೈ’ ಎಂಬ ಒತ್ತೆಹಣದ ಕೀಟ ಜಗತ್ತಿನ 150ರಷ್ಟು ದೇಶಗಳ ಗಣಕಗಳಲ್ಲಿ ಹೊಕ್ಕು, ಕಡತಗಳಿಗೆ ಬೀಗ ಜಡಿದು, ಬೀಗದ ಕೈಗೆ 300 ಡಾಲರು ಕೇಳಿತು. ನಮ್ಮ ವಯನಾಡಿನ ಗ್ರಾಮ ಪಂಚಾಯತ್ ಕಚೇರಿಯೊಂದರ ಗಣಕಗಳೂ ಅದಕ್ಕೆ ಸಿಕ್ಕಿದುವು. ಇಂಥ ಕೀಟಗಳು ಆ ಹೊತ್ತಿಗೆ ಗಣಕಕ್ಕೆ ಅಂಟಿಕೊಂಡಿರುವ ಹೊರಗಿನ ಡಿಸ್ಕಿಗೂ ಬೀಗ ಹಾಕಬಲ್ಲವು. ಬಿಡಿಸಿಟ್ಟ ಡಿಸ್ಕಿನ ಹತ್ತಿರ ಅವು ಹೋಗಲಾರವು. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನಮ್ಮಂಥ ಕಡೆಗಳಲ್ಲಿ ಅದನ್ನು ಬಿಗಿಯಾದ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣದೊಡನೆ ಇಡುವುದು ಒಳಿತು. ಆದರೆ ಡಬ್ಬಿಯಲ್ಲಿಟ್ಟು ವರ್ಷಗಟ್ಟಲೆ ಮರೆಯಬಾರದು. ಪೆನ್‌ಡ್ರೈವಿನಲ್ಲಿಯೂ ಎಸ್.ಎಸ್.ಡಿ.ಯಲ್ಲಿಯೂ ದತ್ತಾಂಶ ನಿಲ್ಲುವುದು ವಿದ್ಯುದಾವೇಶವಾಗಿ. ಬಹುಕಾಲ ಬಿಟ್ಟರೆ ಅದು ಸೋರಿಹೋಗಬಹುದು. ಆಗಾಗ ಚುಚ್ಚಿ ನೋಡುತ್ತಿರಬೇಕು.

ಇನ್ನು ಮೊಳಕೆಯ ಪರೀಕ್ಷೆ. ನಮ್ಮ ಮನೆಯಲ್ಲಿ ಇದಕ್ಕೆ ವರ್ಷಕ್ಕೆ ಮೂರು ದಿನ ಗೊತ್ತುಮಾಡಿದ್ದೇವೆ: ಶಾಲೆಯ ಓಣಂ ಪರೀಕ್ಷೆ, ಕ್ರಿಸ್‌ಮಸ್ ಪರೀಕ್ಷೆ, ವಾರ್ಷಿಕ ಪರೀಕ್ಷೆ ಮುಗಿದ ಶನಿವಾರಗಳು. ಮಾರ್ಚ್ 31ನ್ನು ಜಗತ್ತಿನಲ್ಲಿ ಬ್ಯಾಕಪ್ ದಿನವೆಂದು 2011ರಿಂದ ಆಚರಿಸುತ್ತಿದ್ದಾರೆ. ಅದನ್ನೇ ಇಟ್ಟುಕೊಂಡರೂ ಆದೀತು. ಅಂದು ಡಿಸ್ಕನ್ನು ಮನೆಯ ಗಣಕಕ್ಕಲ್ಲ, ಸಾಧ್ಯವಾದರೆ ಬೇರೊಂದು ಗಣಕಕ್ಕೆ ಜೋಡಿಸುತ್ತೇವೆ. ನಿಜವಾದ ಆಪತ್ತಿನ ದಿನ ನಮ್ಮ ಗಣಕವೇ ಇರುವುದಿಲ್ಲವಷ್ಟೆ? ಅದರಲ್ಲಿ ‘ಪರೀಕ್ಷೆ’ ಎಂಬ ಹೊಸ ಕೋಶವನ್ನು ಮಾಡಿ, ಹಿಂದಕ್ಕೆ ತೆಗೆದ ಕಡತಗಳನ್ನು ಅಲ್ಲಿಯೇ ಇಳಿಸುತ್ತೇವೆ. ಇದು ಮುಖ್ಯ. ಮೂಲ ಕಡತಗಳ ಮೇಲೆಯೇ ಇಳಿಸಲು ಹೋದರೆ, ಹಳೆಯದು ಹೊಸದರ ಮೇಲೆ ಕುಳಿತು, ನಿನ್ನೆ ಬರೆದುದನ್ನು ನಾವೇ ನುಂಗಿದಂತಾಗುತ್ತದೆ. ಅವಸರದಲ್ಲಿ ರಿಸ್ಟೋರ್ ಮಾಡುವವರಿಗೆ ಈ ಅಪಾಯ ಯಾವಾಗಲೂ ಇದ್ದದ್ದೇ.

ಅನಂತರ ಒಂದು ಹಳೆಯ ಕಡತ, ಒಂದು ಹೊಸದು, ಒಂದು ಬಹಳ ದೊಡ್ಡದು, ಹೀಗೆ ಆರಿಸಿ ತೆರೆಯುತ್ತೇವೆ. ಹೆಸರು ಕಂಡರೆ ಸಾಲದು. ಫೋಟೋವನ್ನು ಪರದೆಯ ತುಂಬ ಹಿಗ್ಗಿಸಬೇಕು, ಪತ್ರವಾದರೆ ಕೊನೆಯ ಪುಟಕ್ಕೆ ಹೋಗಬೇಕು, ಹಾಡಾದರೆ ಕೊನೆಯವರೆಗೆ ಕೇಳಬೇಕು. ಅರ್ಧದಲ್ಲಿ ನಿಂತುಹೋದ ಪ್ರತಿಯೂ ಆರಂಭದಲ್ಲಿ ಚೆನ್ನಾಗಿಯೇ ಹಾಡುತ್ತದೆ. ಹತ್ತೊಂಬತ್ತನೆಯ ಹಾಡಿನ ತುದಿಯಲ್ಲಿ ಅಮ್ಮ ದಣಿದು, “ಸಾಕು ಮಗಾ, ಒಲೆಯಲ್ಲಿ ಅನ್ನ ಉಂಟು” ಎನ್ನುವುದು ಕೇಳಿಸುತ್ತದೆ. ಆ ಮಾತು ಕೇಳಿದರೆ ಆ ಕಡತ ಪೂರ್ಣವೆಂದು ನಮಗೆ ಗುರುತು. ಕೊನೆಗೆ ಮೂಲ ಕೋಶದ ಮೇಲೂ ಪ್ರತಿಯ ಮೇಲೂ ಬಲಗುಂಡಿ ಒತ್ತಿ, ‘ಪ್ರಾಪರ್ಟೀಸ್’ ನೋಡಿ, ಕಡತಗಳ ಸಂಖ್ಯೆಯೂ ಗಾತ್ರವೂ ಹೊಂದುತ್ತವೆಯೋ ಎಂದು ತಾಳೆ ಹಾಕುತ್ತೇವೆ. ಮದುವೆಯ ವೀಡಿಯೋ ಮಾತ್ರ ಪ್ರತಿಯಾಗದೆ ಮೊಂಡು ಹಿಡಿದರೆ ಪೆನ್‌ಡ್ರೈವಿನ ಫ್ಯಾಟ್32 ಎಂಬ ಹಳೆಯ ಕ್ರಮವನ್ನು ಸಂಶಯಿಸಬೇಕು. ಅದು 4 ಗಿಗಾಬೈಟಿಗೆ ಮೀರಿದ ಒಂದೇ ಕಡತವನ್ನು ಹಿಡಿಯಲಾರದು.

ನಮ್ಮಂಥ ಕನ್ನಡದ ಮನೆಗಳಿಗೆ ಇನ್ನೊಂದು ತೊಡಕುಂಟು. ಇದನ್ನು ಇಂಗ್ಲಿಷಿನ ಪುಸ್ತಕಗಳು ಹೇಳುವುದಿಲ್ಲ. ಅಮ್ಮನ 46 ಹಾಡುಗಳ ಸಾಹಿತ್ಯವನ್ನು 2011ರಲ್ಲಿ ನಾನು ಬೆರಳಚ್ಚಿಸಿ, ಮುದ್ರಿಸುವುದಕ್ಕೆಂದು ಪುತ್ತೂರಿನ ಭಾವನವರಿಗೆ ಮಿಂಚಂಚೆಯಲ್ಲಿ ಕಳುಹಿಸಿದ್ದೆ. ಸಿಡಿಲಿನ ಅನಂತರ ಅವರು ಅದನ್ನು ಹುಡುಕಿ ಮರಳಿ ಕಳುಹಿಸಿದರು. ತೆರೆದರೆ ಒಂದಕ್ಷರವೂ ಕನ್ನಡವಲ್ಲ. ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಲಸಿದ ಗೋಜಲು. ಕಡತ ಕೆಟ್ಟಿತೆಂದೇ ಎಣಿಸಿ ಅಳಿಸಲು ಹೊರಟಿದ್ದೆ. ಆಗ ಅಂಗಡಿಯ ಆ ಹಳೆಯ ವಿದ್ಯಾರ್ಥಿಯೇ ತಡೆದು, ಕನ್ನಡ ಗಣಕ ಪರಿಷತ್ತಿನವರ ‘ನುಡಿ’ ತಂತ್ರಾಂಶವನ್ನು ಲ್ಯಾಪ್‌ಟಾಪಿನಲ್ಲಿ ಹಾಕಿಕೊಟ್ಟ. ಹಾಡುಗಳೆಲ್ಲ ಪುಟದ ಮೇಲೆ ಎದ್ದು ನಿಂತುವು. ಆ ಕಾಲದ ನುಡಿ, ಬರಹ ಮೊದಲಾದುವುಗಳ ಹಳೆಯ ಅಕ್ಷರಶೈಲಿಗಳಲ್ಲಿ ಬರೆದುದು ಯಂತ್ರದೊಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತದಲ್ಲಿಯೇ ನಿಲ್ಲುತ್ತದೆ. ಅದೇ ಅಕ್ಷರಶೈಲಿ ಇದ್ದರೆ ಮಾತ್ರ ಕನ್ನಡವಾಗಿ ತೋರುತ್ತದೆ. ಯೂನಿಕೋಡಿನಲ್ಲಿ ಬರೆದುದಕ್ಕೆ ಈ ಕಷ್ಟವಿಲ್ಲ.

ಇಲ್ಲಿ ನನಗೆ ಕೌಟಿಲ್ಯನ ಅರ್ಥಶಾಸ್ತ್ರ ನೆನಪಾಗುತ್ತದೆ. ಕಳೆದುಹೋಯಿತೆಂದೇ ಪಂಡಿತರು ಬಗೆದಿದ್ದ ಆ ಗ್ರಂಥದ ಓಲೆಗರಿಯ ಪ್ರತಿ ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದುದು ತಂಜಾವೂರು ಕಡೆಯ ಪಂಡಿತರೊಬ್ಬರಿಂದ. ಅದು ಗ್ರಂಥಲಿಪಿಯಲ್ಲಿತ್ತು. ಆ ಲಿಪಿಯನ್ನು ಓದಬಲ್ಲ ಶಾಮಶಾಸ್ತ್ರಿಗಳು ಅಲ್ಲಿದ್ದುದರಿಂದ 1909ರಲ್ಲಿ ಅದು ಅಚ್ಚಾಗಿ ಲೋಕಕ್ಕೆ ದೊರೆಯಿತು. ಓಲೆ ಉಳಿದು ಲಿಪಿ ಬಲ್ಲವರಿಲ್ಲದಿದ್ದರೆ ಅದು ಬರಿಯ ಒಣಗರಿಯ ಕಟ್ಟಾಗಿರುತ್ತಿತ್ತು. ಆದುದರಿಂದ ಹಳೆಯ ಅಕ್ಷರಶೈಲಿಯಲ್ಲಿ ಸಂಘದ ವರದಿ, ಯಕ್ಷಗಾನ ಪ್ರಸಂಗ, ಮನೆತನದ ವಂಶಾವಳಿ ಮುಂತಾದುವನ್ನು ಬರೆದಿಟ್ಟವರು, ಅವನ್ನು ಓದುವ ಸಾಧನ ಇರುವಾಗಲೇ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ನುಡಿಯಲ್ಲಿಯೂ ಬರಹದಲ್ಲಿಯೂ ಅದಕ್ಕೆ ಅನುಕೂಲವಿದೆ. ಪರಿವರ್ತನೆಯಾದ ಬಳಿಕ ಒತ್ತಕ್ಷರಗಳನ್ನೂ ಅರ್ಕಾವೊತ್ತನ್ನೂ ಕಣ್ಣಿಟ್ಟು ತಿದ್ದಬೇಕು. ಯಂತ್ರ ಅಲ್ಲಿ ಎಡವುವುದುಂಟು. ಮೂಲ ಕಡತವನ್ನು ಎಸೆಯಬಾರದು. ಕ್ಯಾಸೆಟ್ಟು ಎಸೆದವನ ಮಾತಿದು.

ಫೋನಿನಲ್ಲಿಯೇ ಸಂಸಾರವೆಲ್ಲ ಇರುವವರಿಗೂ ಇಷ್ಟೇ ಮಾತು. ತಿಂಗಳಿಗೊಮ್ಮೆ ಫೋಟೋಗಳನ್ನು ಗಣಕಕ್ಕೆ ಇಳಿಸಿದರೆ ಅವೂ ಈ ಸಾಲಿಗೆ ಸೇರುತ್ತವೆ.

ಬೀಗದ ಕೈಗಳ ವಿಷಯವನ್ನು ಹೇಳದೆ ಮುಗಿಸಲಾಗದು. ಹೊಸ ವಿಂಡೋಸ್ ಗಣಕಗಳಲ್ಲಿ ಬಿಟ್‌ಲಾಕರ್ ಎಂಬ ಗೂಢಲಿಪೀಕರಣ ನಮಗೆ ತಿಳಿಯದೆಯೇ ಚಾಲ್ತಿಯಲ್ಲಿರಬಹುದು. ಗಣಕದ ತಾಯಿಹಲಗೆ ಕೆಟ್ಟು, ಒಳಗಿನ ಡಿಸ್ಕನ್ನು ಬಿಚ್ಚಿ ಬೇರೆಡೆ ಜೋಡಿಸಿದರೆ ಅದು 48 ಅಂಕಿಗಳ ಒಂದು ಸಂಖ್ಯೆಯನ್ನು ಕೇಳುತ್ತದೆ. ಅದಿಲ್ಲದೆ ಯಾವ ರಿಪೇರಿಯವನೂ ಏನೂ ಮಾಡಲಾರ. ಸಾಮಾನ್ಯವಾಗಿ ಆ ಸಂಖ್ಯೆ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಆದರೆ ಆ ಖಾತೆಯ ಗುಪ್ತಪದ ಯಾರಿಗೆ ಗೊತ್ತು? ಬಹುತೇಕ ಮನೆಗಳಲ್ಲಿ ದೂರದ ಊರಿನಲ್ಲಿರುವ ಮಗನಿಗೆ. ವಿಂಡೋಸ್ 10ಕ್ಕೆ ಸಾಮಾನ್ಯ ಭದ್ರತಾ ತಿದ್ದುಪಡಿಗಳು 2025ರ ಅಕ್ಟೋಬರ್ 14ಕ್ಕೆ ನಿಂತಿರುವುದರಿಂದ ಅನೇಕರು ಹೊಸ ಗಣಕಕ್ಕೆ ಸಾಗುತ್ತಿದ್ದಾರೆ. ಆ ಸಾಗಾಟವೂ ಒಂದು ರಿಸ್ಟೋರೇ. ಹೊಸತರಲ್ಲಿ ಎಲ್ಲವನ್ನೂ ತೆರೆದು ನೋಡುವವರೆಗೆ ಹಳೆಯದನ್ನು ಗುಜರಿಗೆ ಕೊಡಬಾರದು. ನಾವು ಸಂಖ್ಯೆಗಳನ್ನೂ ಗುಪ್ತಪದಗಳನ್ನೂ ಒಂದು ನೋಟುಪುಸ್ತಕದಲ್ಲಿ ಬರೆದು, ಜಮೀನಿನ ಆಧಾರಪತ್ರಗಳ ಪೆಟ್ಟಿಗೆಯಲ್ಲಿಟ್ಟಿದ್ದೇವೆ. ಡಿಸ್ಕನ್ನು ಜೋಡಿಸಿ ಕಡತ ತೆಗೆಯುವ ಕೆಲಸವನ್ನು ಈಗ ನನ್ನ ಮನೆಯವಳೇ ಮಾಡುತ್ತಾಳೆ; ನಾನು ಬಳಿಯಲ್ಲಿ ಕುಳಿತು ಬಾಯಿ ಮುಚ್ಚಿಕೊಂಡಿರಬೇಕೆಂಬುದು ಕರಾರು. ಮೊದಲ ಸಲ ಆಕೆಗೆ ಮುಕ್ಕಾಲು ಗಂಟೆ ಹಿಡಿಯಿತು. ನನ್ನ ಟಿಪ್ಪಣಿಯಲ್ಲಿ ಎರಡು ಹೆಜ್ಜೆಗಳು ಬಿಟ್ಟುಹೋಗಿದ್ದುದು ಆಗಲೇ ತಿಳಿದದ್ದು.

ತಾಳವಾಡಿಯ ಸಹೋದರಿಯವರಿಗೆ ನನ್ನ ಕೋರಿಕೆ ಇಷ್ಟು. ಮಗ ಮುಂದಿನ ಸಲ ಬರುವವರೆಗೆ ಕಾಯುವುದು ಬೇಡ. ಬರುವ ಭಾನುವಾರ ಫೋನಿನಲ್ಲಿ ಅವನನ್ನು ಆಚೆ ಕಡೆ ಇರಿಸಿಕೊಂಡು, ಬ್ಯಾಕಪ್ಪಿನ ಡಿಸ್ಕನ್ನು ನೆರೆಮನೆಯ ಗಣಕಕ್ಕೆ ಜೋಡಿಸಿ, ಮನೆಯವರ ಜಮೀನಿನ ಕಾಗದದ ಒಂದು ಚಿತ್ರವನ್ನು ಹೊರತೆಗೆದು ತೆರೆಯಿರಿ. ಸರ್ವೆ ನಂಬರಿನ ಅಂಕಿಗಳು ಓದಲು ಬರುತ್ತವೆಯೇ ಎಂದು ಹಿಗ್ಗಿಸಿ ನೋಡಿ. ಬಂದರೂ ಬಾರದಿದ್ದರೂ ಒಂದು ಕಾರ್ಡು ಬರೆಯಿರಿ.